ಮನೆಯ ಶಾಲೆಗೆ ಚಕ್ಕರ್

ಮದುವೆ ಮನೆಯ ಪಂಕ್ತಿಯಲ್ಲಿ ನನಗೊಂದು ವಿಚಿತ್ರ ಅಭ್ಯಾಸ ಅಂಟಿಕೊಂಡಿದೆ. ಪಕ್ಕದ ಎಲೆಯವರು ನನ್ನ ಕಡೆ ತಿರುಗಿ, ಮುಗುಳ್ನಕ್ಕು, ಏನೋ ಕೇಳಲು ಬಾಯಿ ತೆರೆದರು ಅನ್ನುವಷ್ಟರಲ್ಲಿ ನಾನು ಎಲೆಯ ಮೇಲಿನ ಲಾಡನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡುಬಿಡುತ್ತೇನೆ. ಲಾಡು ಇನ್ನೂ ಬಡಿಸಿರದಿದ್ದರೆ ಒಬ್ಬಟ್ಟು. ಅದೂ ಬಂದಿರದಿದ್ದರೆ ಕೋಸಂಬರಿ. ಬಾಯಿ ತುಂಬಿರುವವರಿಂದ ಉತ್ತರ ಬಯಸುವಷ್ಟು ಒರಟರು ನಮ್ಮ ಕೊಳ್ಳೇಗಾಲದ ಕಡೆ ಕಡಿಮೆ. ನಾನು ಅಗಿದು ನುಂಗುವ ಹೊತ್ತಿಗೆ ಅವರ ಗಮನ ಸಾರಿನವನ ಕಡೆ ಹೋಗಿರುತ್ತದೆ. ಈ ಉಪಾಯದಿಂದ ನನ್ನ ಮಾನ ಉಳಿದಿದೆ, ರವಿಕೆಗಳು ಮಾತ್ರ ಉಳಿದಿಲ್ಲ. ನಮ್ಮ ಬೀದಿಯ ಟೈಲರಮ್ಮ ಅಳತೆ ಟೇಪು ಸುತ್ತುತ್ತಾ, "ಈ ಸಲ ಮದ್ವೆ ಜಾಸ್ತಿ ಇದ್ವಾ ಅಕ್ಕಾ?" ಎಂದು ಕೇಳುತ್ತಾಳೆ.

ಲಾಡು ಅಡ್ಡವಿಟ್ಟು ನಾನು ತಪ್ಪಿಸಿಕೊಳ್ಳುವ ಪ್ರಶ್ನೆ ಒಂದೇ: "ಮಗಳು ಯಾವ ಸ್ಕೂಲು?"

ಇದರಲ್ಲೇನು ಕಷ್ಟ, ಹೇಳಿದರಾಯಿತು ಎನ್ನುತ್ತೀರಿ. ಹೇಳಿ ನೋಡಿದ್ದೇನೆ. "ಮನೆಯಲ್ಲೇ ಓದಿಸ್ತಾ ಇದೀವಿ" ಎಂದ ಕೂಡಲೇ ಪಕ್ಕದವರ ಮುಖದಲ್ಲಿ ಸಾವಿನ ಮನೆಗೆ ಬಂದವರ ಕಳೆ ಮೂಡುತ್ತದೆ. "ಯಾಕೆ, ಕೂಸಿಗೆ ಹುಷಾರಿಲ್ವಾ?" ಹುಷಾರಾಗಿದ್ದಾಳೆ. "ಫೇಲಾದ್ಲಾ?" ಇಲ್ಲ. "ಅಂಗಾದ್ರೆ ಏನುದ್ದೇಶ?" ಈ ಕೊನೆಯ ಪ್ರಶ್ನೆಗೆ ಬಂದಾಗ ನನ್ನ ನಾಲಿಗೆ ಹಂಬಲಿಸುವುದು ಲಾಡಿಗೇ.

ಉದ್ದೇಶ ಎಂಬ ಈ ಪದ ನನ್ನ ಬಾಲ್ಯದಲ್ಲಿ ಇಷ್ಟು ಓಡಾಡುತ್ತಿರಲಿಲ್ಲ. ನನ್ನ ತವರು ಯಳಂದೂರು ತಾಲ್ಲೂಕಿನ ಅಗರ. ನನ್ನನ್ನು ಶಾಲೆಗೆ ಹಾಕಿದಾಗ ನಮ್ಮವ್ವನಿಗೆ ಒಂದು ಉದ್ದೇಶ ಇತ್ತು, ಅದೂ ಬಹಳ ಸ್ಪಷ್ಟವಾಗಿತ್ತು. ಮನೆಯಲ್ಲಿದ್ದರೆ ನಾನು ಹಗಲೆಲ್ಲ ಕೊಟ್ಟಿಗೆಯಲ್ಲಿ ಕರುವಿನ ಹಗ್ಗ ಬಿಚ್ಚಿಬಿಡುತ್ತಿದ್ದೆ. ಪಾಪ, ಹಸಿದಿದೆಯಲ್ಲ ಎಂದು. ಕರು ಹೋಗಿ ತಾಯಿಯ ಹಾಲೆಲ್ಲ ಕುಡಿದುಬಿಡುತ್ತಿತ್ತು. "ಇವಳ್ನ ಸ್ಕೂಲಿಗೆ ಹಾಕ್ದಿದ್ರೆ ಮನೇಲಿ ಯಾರ್ಗೂ ಕಾಪಿ ಇಲ್ಲ," ಎಂದು ಅವ್ವ ನನ್ನ ಕೈ ಹಿಡಿದು ದರದರನೆ ಎಳೆದುಕೊಂಡು ಹೋಗಿ ಮೇಷ್ಟರ ಮುಂದೆ ನಿಲ್ಲಿಸಿದಳು. ಹೀಗೆ ನನ್ನ ವಿದ್ಯಾಭ್ಯಾಸದ ಅಡಿಪಾಯ ಕಾಫಿ. ನನ್ನ ಕಡೆಯಿಂದಲೂ ಒಂದು ಉದ್ದೇಶ ಇತ್ತೆನ್ನಿ. ಶಾಲೆಗೆ ಹೋದವರಿಗೆ ಬಳಪ ಸಿಗುತ್ತಿತ್ತು, ಬಳಪ ತಿನ್ನಲು ಬಹಳ ರುಚಿಯಾಗಿರುತ್ತಿತ್ತು. ಸ್ಲೇಟಿನ ಮೇಲೆ ನಾನು ಬರೆದದ್ದಕ್ಕಿಂತ ಹೊಟ್ಟೆಯೊಳಗೆ ಬರೆದದ್ದೇ ಹೆಚ್ಚು. ಅಂಥವಳು ಮುಂದೆ ಬಿ.ಎಡ್. ಮಾಡಿದೆ. ಮಾಡಿದ ತಕ್ಷಣ ಮದುವೆಯಾಯಿತು. ಯಾವ ಶಾಲೆಯ ಮಕ್ಕಳಿಗೂ ನನ್ನಿಂದ ತೊಂದರೆಯಾಗಲಿಲ್ಲ. ಆ ವಿದ್ಯೆಯೆಲ್ಲ ನನ್ನೊಳಗೇ ಬೆಚ್ಚಗೆ ಕುಳಿತು, ಸ್ವಂತ ಮಗಳಿಗಾಗಿ ಹೊಂಚು ಹಾಕುತ್ತಿತ್ತು.

ಮಗಳ ಹೆಸರು ಸಿಂಚನ. ಸಿಂಚು ಎಂದರೆ ಮಾತ್ರ ತಿರುಗಿ ನೋಡುತ್ತಾಳೆ. ಮನೆಯಲ್ಲಿ ಅವಳ ಬಾಯಿಗೆ ಬ್ರೇಕಿಲ್ಲ. ಬೆಕ್ಕಿನ ಜೊತೆ, ಗೋಡೆಯ ಹಲ್ಲಿಯ ಜೊತೆ, ಕೊನೆಗೆ ಕುದಿಯುವ ಸಾರಿನ ಜೊತೆಗೂ ಮಾತಾಡುತ್ತಾಳೆ. ಆದರೆ ಐದನೇ ಕ್ಲಾಸಿನ ಮಧ್ಯದಲ್ಲಿ ಶಾಲೆಯವರು ನಮ್ಮನ್ನು ಕರೆಸಿ, "ನಿಮ್ಮ ಮಗು ಮಾತಾಡೋದಿಲ್ಲ" ಎಂದಾಗ ನಾವು ಬೇರೆ ಯಾರದೋ ಮಗುವಿನ ವಿಷಯ ಇರಬೇಕೆಂದುಕೊಂಡೆವು. ಅವರದೂ ತಪ್ಪೆನ್ನಲಾರೆ. ಒಳ್ಳೆಯ ಶಾಲೆಯೇ. ಆದರೆ ಯಾಕೋ ಇವಳು ಅಲ್ಲಿ ಕಲ್ಲಾಗಿಬಿಡುತ್ತಿದ್ದಳು. ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಸ್ಕೂಲ್ ವ್ಯಾನಿನ ಹಾರನ್ ಕೇಳಿದರೆ ಸಾಕು, ತಿಂದದ್ದೆಲ್ಲ ವಾಂತಿ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹೊಟ್ಟೆಯಲ್ಲೇನೂ ಇಲ್ಲವೆಂದರು. ಇರುವುದು ಹೇಗೆ, ಎಲ್ಲ ಆಚೆ ಬಂದಿತ್ತಲ್ಲ.

ಒಂದು ದಿನ ಹಾಗೇ ಹಾರನ್ ಆಯಿತು. ಸಿಂಚು ಬಚ್ಚಲಿಗೆ ಓಡಿದಳು. ನಮ್ಮೆಜಮಾನರು ಹನೂರಿನ ತಮ್ಮ ಅಂಗಡಿಗೆ ಹೊರಡಲು ಬೈಕಿಗೆ ಕಿಕ್ ಹೊಡೆಯುತ್ತಿದ್ದವರು, ಇಳಿದು ಹೋಗಿ ಮಗಳ ಬೆನ್ನು ನೀವಿದರು. ಆಮೇಲೆ ಹೊರಗೆ ಬಂದು ವ್ಯಾನಿನ ಡ್ರೈವರಿಗೆ, "ನಾಳಿಂದ ಬರ್ಬೇಡ ಕಣಪ್ಪ" ಎಂದುಬಿಟ್ಟರು. ಅವನು ಎದುರು ಮನೆಯ ಮಗುವನ್ನು ಹತ್ತಿಸಿಕೊಂಡು ಹೋದ. ನಾವಿಬ್ಬರೂ ಅಂಗಳದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಇಂಥ ದೊಡ್ಡ ನಿರ್ಧಾರ ನಮ್ಮ ಮನೆಯಲ್ಲಿ ಅಷ್ಟು ಬೇಗ ಎಂದೂ ಆಗಿರಲಿಲ್ಲ. ಮಿಕ್ಸಿ ಕೊಳ್ಳುವುದಕ್ಕೇ ನಾವು ಒಂದು ಮಳೆಗಾಲ ಚರ್ಚೆ ಮಾಡಿದ್ದೆವು.

ಆಮೇಲೆ ಶುರುವಾಯಿತು ಉದ್ದೇಶದ ಕಾಟ. ನಮ್ಮೆಜಮಾನರದು ಹನೂರಿನಲ್ಲಿ ನೀರೆತ್ತುವ ಮೋಟಾರು, ಪೈಪು ಮಾರುವ ಅಂಗಡಿ. ಗಿರಾಕಿ ಇಲ್ಲದಾಗ ಫೋನು ನೋಡುತ್ತಾರೆ. ಅದರಲ್ಲಿ ಯಾರೋ ತಾಯಿ, ಮನೆಯಲ್ಲಿ ಮಕ್ಕಳನ್ನು ಓದಿಸುವವರು ಮೊದಲು ಕುಟುಂಬದವರೆಲ್ಲ ಕುಳಿತು ಉದ್ದೇಶ ಗೊತ್ತು ಮಾಡಿಕೊಳ್ಳಬೇಕು ಎಂದಳಂತೆ. ಆ ಭಾನುವಾರ ಮುದ್ದೆ, ಹುರುಳಿ ಸಾರು ಉಂಡ ಮೇಲೆ ಮಹಾಸಭೆ ಸೇರಿತು. ಸದಸ್ಯರು ಮೂವರು: ಅವರು, ನಾನು ಮತ್ತು ನಮ್ಮತ್ತೆ. ಅತ್ತೆಗೆ ಕಿವಿ ಸ್ವಲ್ಪ ಮಂದ, ನಾಲಿಗೆ ಮಂದವಲ್ಲ.

"ಮೊದ್ಲು ಉದ್ದೇಶ ಗಟ್ಟಿ ಮಾಡ್ಕಬೇಕು," ಎಂದರು ನಮ್ಮೆಜಮಾನರು.

"ಯಾವುದ್ರ ಉದ್ದ?" ಎಂದರು ಅತ್ತೆ.

"ಉದ್ದ ಅಲ್ಲ ಕನವ್ವ, ಉದ್ದೇಶ! ಕೂಸ್ನ ಮನೇಲಿ ಓದ್ಸಾದು ಯಾಕೆ ಅಂತ."

"ಅದ್ನ ಸ್ಕೂಲು ಬುಡ್ಸಕ್ ಮುಂಚೆ ಕೇಳ್ಕಬೇಕಿತ್ತು ಕನಾ. ತಾಳಿ ಕಟ್ಟಾದ್ ಮ್ಯಾಲೆ ಜಾತಕ ನೋಡ್ದಂಗಾಯ್ತು."

ನಮ್ಮೆಜಮಾನರು ಅದನ್ನು ಕೇಳಿಸಿಕೊಳ್ಳದವರಂತೆ ಒಬ್ಬೊಬ್ಬರ ಅಭಿಪ್ರಾಯ ಕೇಳಿದರು. ಅತ್ತೆ ಯೋಚನೆಯನ್ನೇ ಮಾಡಲಿಲ್ಲ. "ಮಧ್ಯಾನದೊತ್ನಲ್ಲಿ ನಂಗೆ ಮಾತಾಡಕ್ಕೆ ಒಂದ್ ಜನ ಆಯ್ತದೆ. ಅದೇ ಉದ್ದೇಸ ಅಂತ ಮಡಿಕ್ಕಳಿ." ಇದು ಘನತೆ ಸಾಲದೆಂದು ತಿರಸ್ಕೃತವಾಯಿತು. ನಮ್ಮೆಜಮಾನರು ಗಂಟಲು ಸರಿಮಾಡಿಕೊಂಡು, ಸ್ವತಂತ್ರ ಚಿಂತನೆ, ಆತ್ಮವಿಶ್ವಾಸ ಎಂದೆಲ್ಲ ಹೇಳಿದರು. ನಾನು ಶಿಸ್ತು ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಮೈಸೂರಿನಲ್ಲಿರುವ ನನ್ನ ನಾದಿನಿಯ ಮಗ ಪ್ರಪಂಚದ ರಾಜಧಾನಿಗಳನ್ನೆಲ್ಲ ಕಣ್ಣು ಮುಚ್ಚಿ ಒಪ್ಪಿಸುತ್ತಾನೆ. ನಾವು ಹೋದಾಗಲೆಲ್ಲ ಕಾಫಿ ಕೊಡುವ ಮೊದಲೇ ಅವನನ್ನು ಕರೆದು ಒಪ್ಪಿಸಲು ನಿಲ್ಲಿಸುತ್ತಾರೆ. ಬರುವ ಬೇಸಿಗೆಯಲ್ಲಿ ನನ್ನ ಮಗಳು ಅವನ ರಾಜಧಾನಿಗಳನ್ನೆಲ್ಲ ಧೂಳೀಪಟ ಮಾಡಬೇಕು, ಇದು ನನ್ನ ನಿಜವಾದ ಶೈಕ್ಷಣಿಕ ಗುರಿ. ಆದರೆ ಇದನ್ನು ಸಭೆಯಲ್ಲಿ ಹೇಳಲಾಗುತ್ತದೆಯೇ? ಶಿಸ್ತು ಎಂದೆ.

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಸಿಂಚು ಬೆಕ್ಕನ್ನು ಎತ್ತಿಕೊಂಡು ಇಣುಕಿ, "ಅಪ್ಪಾ, ಏನ್ ಮಾತಾಡ್ತಿದೀರ?" ಎಂದಳು.

"ಸುಮ್ನೆ ಒಳಗೋಗು. ನಿನ್ ವಿಷ್ಯಾನೇ ಮಾತಾಡ್ತಿರಾದು," ಎಂದರು ಅವರಪ್ಪ.

ಗೊತ್ತುಮಾಡಿದ ಉದ್ದೇಶ ಮರೆತುಹೋಗಬಾರದಲ್ಲ, ಹಾಗಾಗಿ ಅಂಗಡಿಯ ಬೋರ್ಡು ಬರೆಯುವವನನ್ನೇ ಕರೆಸಿ ಹಜಾರದ ಗೋಡೆಯ ಮೇಲೆ ಬರೆಸಿದರು: "ಸ್ವಾತಂತ್ರ್ಯ, ಶಿಸ್ತು, ಸಾಧನೆ." ಕೆಂಪು ಅಕ್ಷರ, ಹಳದಿ ನೆರಳು. ದೂರದಿಂದ ನೋಡಿದರೆ ನಮ್ಮ ಮನೆಯಲ್ಲಿ ಆ ಮೂರೂ ಐಟಂ ಸ್ಟಾಕಿದೆ ಅನ್ನಿಸುತ್ತಿತ್ತು. ಅವನು ಅಭ್ಯಾಸಬಲದಿಂದ ಕೆಳಗೆ ನೀರು ಚಿಮ್ಮುವ ಒಂದು ಪಂಪನ್ನೂ ಬರೆದ. "ಮಾರಾಟ ಮತ್ತು ರಿಪೇರಿ" ಎಂದು ಶುರುಮಾಡುವಷ್ಟರಲ್ಲಿ ನಾನು ಓಡಿಹೋಗಿ ಕೈ ಹಿಡಿದುಕೊಂಡೆ.

ಇನ್ನು ನನ್ನ ಬಿ.ಎಡ್. ಕಥೆ ಕೇಳಿ. ಹೊಂಚು ಹಾಕಿ ಕುಳಿತಿದ್ದ ವಿದ್ಯೆ ಮೈಮೇಲೆ ಬಂತು. ಬೆಳಿಗ್ಗೆ ಪ್ರಾರ್ಥನೆ. ಹೊಸದಾಗಿ ಹೊಲಿಸಿದ ಹಳೇ ಶಾಲೆಯ ನೀಲಿ ಯೂನಿಫಾರಂ ಹಾಳಾಗಬಾರದೆಂದು ಅದೇ ವೇಷ. ಊಟದ ತಟ್ಟೆಗೆ ಸೌಟು ಬಡಿದರೆ ಬೆಲ್ಲು. ನಂತರ ಹಾಜರಿ. ಇಡೀ ಹಜಾರದಲ್ಲಿ ಕಾಣುವ ಒಬ್ಬಳೇ ವಿದ್ಯಾರ್ಥಿನಿಯ ಮುಂದೆ ನಿಂತು ನಾನು "ಸಿಂಚನ!" ಎಂದು ಕೂಗುವುದು, ಅವಳು ಎದ್ದು ನಿಂತು "ಪ್ರೆಸೆಂಟ್ ಮಿಸ್" ಎನ್ನುವುದು. ಹೌದು, ಮಿಸ್. ಪಾಠದ ಹೊತ್ತಿನಲ್ಲಿ ಅಮ್ಮ ಅನ್ನಕೂಡದೆಂದು ನಾನೇ ಕಾನೂನು ಮಾಡಿದ್ದೆ. ಅಮ್ಮ ಎಂದರೆ ಸಲಿಗೆ, ಸಲಿಗೆಯಿಂದ ರಾಜಧಾನಿಗಳು ಬಾಯಿಪಾಠವಾಗುವುದಿಲ್ಲ. ಬಾಗಿಲ ಬಳಿ ಎಲೆಯಡಿಕೆ ಹಾಕಿಕೊಂಡು ಕುಳಿತ ಅತ್ತೆ ನಮ್ಮ ಶಾಲೆಯ ವಾಚ್‌ಮನ್. ಸಂಜೆ ಬೈಕ್ ನಿಲ್ಲಿಸಿ ಒಳಗೆ ಬರುವ ನಮ್ಮೆಜಮಾನರು ಹೆಡ್‌ಮಾಸ್ಟರು. ಹೆಲ್ಮೆಟ್ ಕೂಡ ತೆಗೆಯದೆ, "ಇವತ್ತೇನ್ ಕಲ್ತೆ?" ಎನ್ನುತ್ತಿದ್ದರು.

ಶಾಲೆಗೆ ಬಾಗಿಲಿರುತ್ತದೆ, ಬೀಗ ಇರುತ್ತದೆ. ನಮ್ಮದಕ್ಕೆ ಅವೆರಡೂ ಇರಲಿಲ್ಲ. ಪಾಠ ಎಲ್ಲೆಲ್ಲಿಗೋ ಹರಿಯತೊಡಗಿತು. ರಂಗೋಲಿ ಬಿಟ್ಟರೆ ತ್ರಿಕೋನ. ಕುಕ್ಕರ್ ಕೂಗಿದರೆ ನೀರಿನ ಆವಿ. ಇಡ್ಲಿ ಬಡಿಸುವಾಗ, "ತಟ್ಟೇಲಿರೋದು ಎರಡು, ನಾನು ಇನ್ನೆರಡು ಹಾಕಿದೆ, ನೀನೊಂದು ತಿಂದೆ, ಉಳಿದದ್ದೆಷ್ಟು?" ಎಂದು ನಾನು. ಮಗು ಎರಡನೇ ಸಲ ಇಡ್ಲಿ ಕೇಳುವುದನ್ನೇ ಬಿಟ್ಟುಬಿಟ್ಟಿತು. ಲೆಕ್ಕಕ್ಕೆ ಹೆದರಿ ಹಸಿದುಕೊಂಡಿರುತ್ತಾಳೆಂದು ನನಗೆ ಹೊಳೆಯಲಿಲ್ಲ. ಊಟದಲ್ಲಿ ಶಿಸ್ತು ಬಂದಿದೆ ಎಂದು ಹಿಗ್ಗಿದೆ.

ಕಾರ್ತಿಕದಲ್ಲಿ ಒಂದು ಸೋಮವಾರ ಎಲ್ಲರೂ ಮಾದಪ್ಪನ ಬೆಟ್ಟಕ್ಕೆ ಹೋದೆವು. ಹನೂರು ದಾಟಿ ಬಸ್ಸು ಘಾಟಿ ಹತ್ತಲು ಶುರುಮಾಡಿತೋ ಇಲ್ಲವೋ, ನಮ್ಮೆಜಮಾನರು ತಿರುವುಗಳ ಕೋನ ವಿವರಿಸತೊಡಗಿದರು. ನಾನು ಕಾಡಿನ ಮರಗಳ ಹೆಸರು ಶುರುಮಾಡಿದೆ. ನನಗೆ ಗೊತ್ತಿದ್ದದ್ದು ಬಿದಿರು, ಹುಣಸೆ ಎರಡೇ. ಉಳಿದದ್ದಕ್ಕೆಲ್ಲ "ಅದು ಮುಂದಿನ ವರ್ಷದ ಪಾಠ" ಎಂದೆ. ರಸ್ತೆ ಬದಿಯಲ್ಲಿ ಹರಕೆ ಹೊತ್ತವರು "ಉಘೇ ಮಾದಪ್ಪ" ಎಂದು ಕೂಗುತ್ತಾ ನಡೆದು ಹೋಗುತ್ತಿದ್ದರು. ಸಿಂಚು ಕಿಟಕಿಗೆ ಮುಖ ಒತ್ತಿ ಅವರಿಗೆ ಕೈ ಬೀಸುತ್ತಿದ್ದವಳು, ಅವರಪ್ಪ "ಇವ್ರು ಗಂಟೆಗೆ ಎಷ್ಟು ದೂರ ನಡೀತಾರೆ ಹೇಳು" ಎಂದ ತಕ್ಷಣ ಕಣ್ಣು ಮುಚ್ಚಿ ಗೊರಕೆ ಹೊಡೆಯತೊಡಗಿದಳು. ಅಷ್ಟು ಜೋರಾದ ಸುಳ್ಳು ಗೊರಕೆಯನ್ನು ನಾನು ಕೇಳಿಲ್ಲ. ಹಿಂದಿನ ಸೀಟಿನಿಂದ ಅತ್ತೆ, "ಮಾದಪ್ಪನ ಸನ್ನಿದೀಲಾದ್ರೂ ಆ ಕೂಸ್ನ ಬುಡ್ರಪ್ಪಾ" ಎಂದರು.

ಅವರೆಕಾಯಿ ಕಾಲ ಬಂತು. ಒಂದು ಬುಧವಾರ ನಾನು ಇಂಟರ್‌ವಲ್ ಬೆಲ್ಲು ಬಾರಿಸಿ ಅಡುಗೆಮನೆಗೆ ಹೋದೆ. ಒಗ್ಗರಣೆ ಹಾಕಿ ಬಂದು ಮತ್ತೆ ಬೆಲ್ಲು ಬಾರಿಸಿದೆ. ಮಣೆ ಖಾಲಿ. ಬಚ್ಚಲಲ್ಲಿಲ್ಲ, ತಾರಸಿಯಲ್ಲಿಲ್ಲ, ಬೆಕ್ಕು ಮಾತ್ರ ಬೀರುವಿನ ಮೇಲಿತ್ತು. ಬಾಗಿಲಿಗೆ ಬಂದು ವಾಚ್‌ಮನ್‌ರನ್ನು ಕೇಳಿದೆ.

"ಆಗ್ಲೇ ಓದ್ಲಲ್ಲವ್ವ," ಎಂದರು ಅತ್ತೆ.

"ಎಲ್ಲಿಗೆ?"

"ಅದೇನೋಪ್ಪ. ಇವತ್ತು ಸ್ಕೂಲು ಬೇಗ ಬುಟ್ಬುಟ್ರು ಅಜ್ಜಿ ಅಂದ್ಲು. ಓಗ್ ಮಗಾ ಅಂದೆ."

"ಅಯ್ಯೋ ಅತ್ತೆ, ಸ್ಕೂಲು ನಾನೇ ಅಲ್ವಾ! ನಾನು ಬಿಟ್ಟೇ ಇಲ್ಲ!"

"ನೀ ಬಿಟ್ಯೋ ಕಟ್ಟಾಕಿದ್ಯೋ ನಂಗೇನ್ ಗೊತ್ತಾದದು? ಬ್ಯಾಗ್ ತಕಂಡು ಓಯ್ತಾವ್ಳೆ, ಬಿಟ್ಟದೆ ಅಂದ್ಕಂಡಿ."

ಈಗ ನಗುತ್ತಾ ಹೇಳುತ್ತಿದ್ದೇನೆ, ಆಗ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದೆ. ಎದುರು ಮನೆ, ಪಕ್ಕದ ಮನೆ, ತಿರುವಿನ ಅಂಗಡಿ, ಎಲ್ಲೂ ಇಲ್ಲ. ನಮ್ಮೆಜಮಾನರಿಗೆ ಫೋನು ಮಾಡಿದೆ. ನನ್ನ ಬಾಯಿಂದ ಪೂರ್ತಿ ವಾಕ್ಯ ಹೊರಡಲಿಲ್ಲ, ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಅಂಗಡಿಯ ಶೆಟರ್ ಎಳೆದ ಸದ್ದು ಮಾತ್ರ ಕೇಳಿಸಿತು. ನಾನು ಬಸ್ ಸ್ಟಾಂಡಿನ ಕಡೆ ಓಡಿದೆ. ನೀಲಿ ಯೂನಿಫಾರಂ ಹಾಕಿದ ಮಕ್ಕಳು ಊರಿನ ತುಂಬ ಇದ್ದಾರೆಂದು ನನಗೆ ಅವತ್ತೇ ಗೊತ್ತಾದದ್ದು. ಪ್ರತಿಯೊಂದು ನೀಲಿ ಬೆನ್ನೂ ಅವಳದೇ, ತಿರುಗಿದರೆ ಯಾವುದೂ ಅವಳದಲ್ಲ. ಒಬ್ಬ ಹಣ್ಣಿನವಳು, "ಯಾಕಕ್ಕ ಅಳ್ತಿದೀಯ?" ಎಂದಾಗ ನಾನು ಅಳುತ್ತಿರುವುದು ತಿಳಿಯಿತು. ಬೆಲ್ಲು ಬಾರಿಸಿದವಳು ಹಾಗೇ ಬಂದಿದ್ದೆ, ಕೈಯಲ್ಲಿ ಸೌಟಿತ್ತು.

ಆಗ ಫೋನು ಬಂತು. ಅಗರದಿಂದ, ನನ್ನ ತಮ್ಮನ ನಂಬರಿನಲ್ಲಿ ನಮ್ಮವ್ವ.

"ಏನಮ್ಮಿ, ನಿನ್ ಮಗ್ಳು ಇಲ್ಲಿಗ್ ಬಂದವ್ಳೆ. ಅನ್ನ ಉಣ್ತಾವ್ಳೆ. ಗಾಬರಿ ಆಗ್ಬೇಡ."

ನಾನು ಬಸ್ ಸ್ಟಾಂಡಿನ ಕಂಬಕ್ಕೆ ಒರಗಿ ಕುಳಿತುಬಿಟ್ಟೆ. "ಬರ್ತೀನಿ ಇರು, ಬೆನ್ನು ಮುರೀತೀನಿ ಅವಳ್ದು..."

"ಬೈಯಂಗಿದ್ರೆ ಬರ್ಲೇಬೇಡ," ಎಂದು ಅವ್ವ ಫೋನಿಟ್ಟಳು.

ನಮ್ಮೆಜಮಾನರು ಹನೂರಿನಿಂದ ಬಂದವರು ಬೈಕ್ ಆರಿಸದೆ ನನ್ನನ್ನು ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಇಬ್ಬರೂ ಒಳಗೊಳಗೇ ಬೈಗುಳ ಅಭ್ಯಾಸ ಮಾಡುತ್ತಾ ಹೋದೆವು. ಎಡಬಲದಲ್ಲಿ ಗದ್ದೆ ಕೊಯ್ಲು ನಡೆಯುತ್ತಿತ್ತು. ಅವರು ನನಗೆ ಏನನ್ನೂ ವಿವರಿಸಲಿಲ್ಲ.

ಬೈಕ್ ಆರಿಸಿದರೆ ಸಿಂಚುವಿನ ದನಿ ಬೀದಿಗೇ ಕೇಳುತ್ತಿತ್ತು. ಜಗಲಿಯ ಮೇಲೆ ಅವ್ವನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, ಅವರೆಕಾಯಿ ಸುಲಿಯುತ್ತಾ, ತಾನು ಬಸ್ಸಿನಲ್ಲಿ ಬಂದ ಸಾಹಸ ಹೇಳುತ್ತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಲ್ಲವೇ, ಆಧಾರ್ ಕಾರ್ಡು ತೋರಿಸಿ ರಾಜಾರೋಷವಾಗಿ ಬಂದಿದ್ದಾಳೆ. ಕಂಡಕ್ಟರು, "ಜೊತೇಲಿ ಯಾರವ್ರೆ ಮಗಾ?" ಎಂದರೆ ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ತೂಕಡಿಸುತ್ತಿದ್ದ ಯಾರೋ ಹೆಂಗಸನ್ನು ತೋರಿಸಿದಳಂತೆ. ಅವ್ವ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ನಮ್ಮನ್ನು ಕಂಡಳು. ಮಾತು ನಿಂತಿತು. ಮಡಿಲಿನ ಸಿಪ್ಪೆ ಕೊಡವಿ, ಎದ್ದು, ಯೂನಿಫಾರಂ ಸರಿಮಾಡಿಕೊಂಡು, ಕೈ ಕಟ್ಟಿ ನಿಂತು,

"ಗುಡ್ ಆಫ್ಟರ್‌ನೂನ್ ಮಿಸ್," ಎಂದಳು.

ತಮಾಷೆಗಲ್ಲ. ತಮಾಷೆಗೆ ಅಂದಿದ್ದರೆ ನಾನು ಎರಡೇಟು ಕೊಟ್ಟು ಅಪ್ಪಿಕೊಳ್ಳುತ್ತಿದ್ದೆ. ಹೆದರಿ ಅಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ನನಗೆ ಮರೆತೇಹೋಯಿತು. ನನ್ನ ಮಗಳ ಮುಖದಲ್ಲಿ ವ್ಯಾನಿನ ಹಾರನ್ ಕೇಳಿದಾಗಿನ ಕಳೆ ಇತ್ತು. ಈ ಸಲ ಹಾರನ್ ನಾನೇ.

ನಮ್ಮೆಜಮಾನರು ಜಗಲಿಯ ಕೆಳಗೇ ನಿಂತು, ಆದಷ್ಟು ಮೆತ್ತಗೆ ಕೇಳಿದರು. "ಯಾಕ್ ಮಗಾ ಹಿಂಗ್ ಬಂದ್ಬುಟ್ಟೆ?"

"ಸ್ಕೂಲ್ ಬಿಟ್ಮೇಲೆ ಮನೆಗೆ ಹೋಗ್ಬೇಕಲ್ವಾ ಅಪ್ಪಾ?"

"ಮನೇಲೇ ಇದ್ಯಲ್ಲಾ ನೀನು!"

"ಅದು ಸ್ಕೂಲು." ಅವಳು ಬೆರಳಿನಿಂದ ಅವರೆಕಾಯಿಯ ಸೊಗಡು ಉಜ್ಜಿಕೊಳ್ಳುತ್ತಾ ಹೇಳಿದಳು. "ಮೊದ್ಲಾದ್ರೆ ಸ್ಕೂಲು ಬಿಡ್ತಿತ್ತು. ವ್ಯಾನ್ ಹತ್ಕೊಂಡ್ ಮನೆಗೆ ಬಂದ್ರೆ ಅಮ್ಮ ಇರ್ತಿದ್ಲು. ಈಗ ಬಿಡೋದೇ ಇಲ್ಲ. ಬಿಟ್ರೂ ಅಲ್ಲೇ ಇರ್ತೀನಿ. ಮನೆ ಇಲ್ವಲ್ಲ ಅಂತ ಅಜ್ಜಿ ಮನೆಗೆ ಬಂದೆ."

ಅವ್ವ ಮೊರ ಪಕ್ಕಕ್ಕಿಟ್ಟು ಅಳಿಯನ ಕಡೆ ನೋಡಿದಳು.

"ಅಲ್ಲ ಕನಪ್ಪ, ಆ ಸ್ಕೂಲು ಬುಡ್ಸಿದ್ದು ಯಾಕೆ ನೀವು? ಏನ್ ನೆನ್ಕಂಡು ಬುಡ್ಸುದ್ರಿ?"

ಇದೇ ಪ್ರಶ್ನೆಗೆ ಹನೂರಿನ ಅಂಗಡಿಯಲ್ಲಿ, ಬಂಧುಗಳ ಮನೆಯಲ್ಲಿ, ಕ್ಷೌರದಂಗಡಿಯಲ್ಲಿ ಸ್ವತಂತ್ರ ಚಿಂತನೆಯ ಭಾಷಣ ಮಾಡಿದ್ದ ಮನುಷ್ಯ ನೆಲ ನೋಡಿದರು.

"ಬೆಳಿಗ್ಗೆ ಎದ್ರೆ ವಾಂತಿ ಮಾಡ್ಕತಿದ್ಲು ಅತ್ತೆ. ನೋಡಕ್ಕಾಗ್ಲಿಲ್ಲ."

"ಅಷ್ಟೇನಾ?"

"ಅಷ್ಟೇ."

"ಅಷ್ಟೇ ಆಗಿದ್ರೆ ಒಳ್ಳೇದೇ ಕನಪ್ಪ. ಅದ್ರ ಮ್ಯಾಲೆ ಈ ಪಾಟಿ ಯಾಕ್ ಏರ್ಸುದ್ರಿ? ಆಗ ವಾಂತಿ ಮಾಡ್ಕತಿದ್ಲು. ಈಗ ಓಡೋಯ್ತಾವ್ಳೆ. ಏನ್ ಕಮ್ಮಿ ಆಯ್ತು?"

ನಾನು ಜಗಲಿ ಹತ್ತಿ ಸಿಂಚುವಿನ ಪಕ್ಕ ಕುಳಿತೆ. ಅವಳು ಅರ್ಧ ಗೇಣು ಆಚೆ ಸರಿದಳು. ಆ ಅರ್ಧ ಗೇಣು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಮೊರ ಎಳೆದುಕೊಂಡು ಅವರೆಕಾಯಿ ಸುಲಿಯತೊಡಗಿದೆ. ನಮ್ಮೆಜಮಾನರೂ ಬಂದು ಕುಳಿತು ಕೈ ಹಾಕಿದರು. ಅವರು ಕಾಳು ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ ಹಾಕಬೇಕಾದಲ್ಲಿ ಎರಡನ್ನೂ ಕಾಳಿನ ಪಾತ್ರೆಗೇ ಹಾಕುತ್ತಿದ್ದರು. ಸಿಂಚು ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ಆಗಲಿಲ್ಲ. "ಅಪ್ಪಾ, ಹಂಗಲ್ಲ!" ಎಂದು ಕಿತ್ತುಕೊಂಡು ತೋರಿಸಿಕೊಟ್ಟಳು.

"ಸಿಂಚು, ಏನ್ ಮಾಡ್ಬೇಕು ಹೇಳು," ಎಂದೆ. "ಮತ್ತೆ ಆ ಸ್ಕೂಲಿಗೆ ಹೋಗ್ತೀಯಾ?"

"ಊಹೂಂ."

"ಮತ್ತೆ?"

ಅವಳು ಒಂದು ಕಾಳನ್ನು ಹಿಚುಕಿದಳು. "ನೀನು ಮಿಸ್ ಆಗ್ಬೇಡ," ಎಂದಳು. "ಪಾಠ ಹೇಳ್ಕೊಡು. ಅಮ್ಮ ಆಗೇ ಹೇಳ್ಕೊಡು."

"ಸರಿ."

"ಇಡ್ಲಿ ಹಾಕುವಾಗ ಲೆಕ್ಕ ಕೇಳ್ಬಾರ್ದು."

"ಕೇಳಲ್ಲ."

"ಗೊತ್ತಿಲ್ದೇ ಇದ್ರೆ ಮುಂದಿನ ವರ್ಷದ ಪಾಠ ಅನ್ಬಾರ್ದು. ಗೊತ್ತಿಲ್ಲ ಅನ್ಬೇಕು."

ಅವ್ವ ಸೆರಗು ಬಾಯಿಗಡ್ಡ ಹಿಡಿದು ಗೋಡೆಯ ಕಡೆ ತಿರುಗಿಕೊಂಡಳು. "ಸರಿ," ಎಂದೆ. ಇಷ್ಟು ಒಪ್ಪಂದವಾದ ಮೇಲೆ ಸಿಂಚು ನನ್ನ ಮೈ ಮುಟ್ಟದ ಹಾಗೆ, ಆದರೆ ಸೆರಗು ಮಾತ್ರ ಸಿಗುವ ಹಾಗೆ ಹತ್ತಿರಕ್ಕೆ ಬಂದು, ಅದರಲ್ಲಿ ಅವರೆಯ ಸೊಗಡಿನ ಕೈ ಒರೆಸಿಕೊಂಡಳು. ಅದು ನನ್ನ ಒಳ್ಳೆಯ ಸೀರೆಯಾಗಿರಲಿಲ್ಲ. ಆಗಿದ್ದರೂ ಸುಮ್ಮನಿರುತ್ತಿದ್ದೆ.

ವಾಪಸ್ಸು ನಮ್ಮೆಜಮಾನರು ಬೈಕಿನಲ್ಲಿ ಹೋದರು, ನಾವಿಬ್ಬರು ಬಸ್ಸಿನಲ್ಲಿ ಬಂದೆವು. ಅದೇ ಕಂಡಕ್ಟರು. ನನ್ನನ್ನೂ ಅವಳನ್ನೂ ದಿಟ್ಟಿಸಿ, "ಬೆಳಿಗ್ಗೆ ಬೇರೆ ಅಮ್ಮ ಇದ್ರಲ್ಲ ಮಗಾ?" ಎಂದ.

"ಅವ್ರು ಸುಮ್ನೆ ಅಂಕಲ್, ಇವ್ರು ನಿಜ," ಎಂದಳು ಸಿಂಚು.

ಊರಿಗೆ ಬಂದ ಮೇಲೆ ಗೋಡೆಯ ಮೇಲಿನ ಸ್ವಾತಂತ್ರ್ಯ, ಶಿಸ್ತು, ಸಾಧನೆಗಳಿಗೆ ಸುಣ್ಣ ಬಳಿಸಿದೆವು. ಪಂಪು ಇರಲಿ ಎಂದು ಸಿಂಚು ಹಟ ಹಿಡಿದದ್ದರಿಂದ ಅದು ಉಳಿಯಿತು. ಬಂದವರೆಲ್ಲ ಈಗ ಹಜಾರವನ್ನೇ ನಮ್ಮ ಅಂಗಡಿ ಎಂದುಕೊಳ್ಳುತ್ತಾರೆ. ಪಾಠ ಬೆಳಿಗ್ಗೆ ತಿಂಡಿಯಾದ ಮೇಲೆ ಶುರುವಾಗಿ ಊಟಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ಮುಗಿಯಿತು. ಮೊದಮೊದಲು ನನಗೇ ಕಷ್ಟವಾಯಿತು. ಆಕಾಶದಲ್ಲಿ ಚಂದ್ರ ಕಂಡರೆ ನಾಲಿಗೆ ತುರಿಸುತ್ತಿತ್ತು. ತುಟಿ ಕಚ್ಚಿಕೊಂಡು "ಎಷ್ಟು ಚೆನ್ನಾಗಿದೆ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದೆ. ಮಧ್ಯಾಹ್ನವೆಲ್ಲ ಅವಳು ಅತ್ತೆಯ ಪಾಲು. ಸಭೆಯಲ್ಲಿ ತಿರಸ್ಕೃತವಾಗಿದ್ದ ಅವರ ಉದ್ದೇಶವೊಂದೇ ಸಂಪೂರ್ಣ ಈಡೇರಿದ್ದು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಕಾನೂನು ಮಾತ್ರ ನಮ್ಮನ್ನು ಬೀದಿಗೆ ತಂದಿತು. ಒಮ್ಮೆ ಹಾಗನ್ನಲು ಶುರುಮಾಡಿದ ಮೇಲೆ ಎಷ್ಟೊಂದು ಗೊತ್ತಿಲ್ಲ ಎಂದು ಗೊತ್ತಾಯಿತು. ಹದಿನೇಳರ ಮಗ್ಗಿ ನನಗೆ ಅರ್ಧದಿಂದ ಮೇಲೆ ಬರುವುದಿಲ್ಲವೆಂಬ ಗುಟ್ಟು ಬಯಲಾಯಿತು. ಮೋಟಾರು ಮಾರುತ್ತಲೇ ತಲೆ ನರೆತ ನಮ್ಮೆಜಮಾನರಿಗೆ ಅದು ಯಾಕೆ ತಿರುಗುತ್ತದೆಂದು ಗೊತ್ತಿರಲಿಲ್ಲ. "ಕರೆಂಟ್ ಬಂದ್ರೆ ತಿರುಗ್ತದೆ" ಎಂಬಲ್ಲಿಗೆ ಅವರ ವಿಜ್ಞಾನ ನಿಂತಿತು. ಸಿಂಚು ಬಿಡಲಿಲ್ಲ. ಒಂದು ಕೆಟ್ಟ ಮೋಟಾರನ್ನು ಅಂಗಡಿಯಿಂದ ಮನೆಗೆ ತರಿಸಿದಳು. ಅಪ್ಪ ಮಗಳು ಅದನ್ನು ಬಿಚ್ಚಿ ಹಜಾರದ ತುಂಬ ಹರಡಿ, ಒಳಗಿನ ತಾಮ್ರದ ತಂತಿ ಎಣಿಸುತ್ತಾ ಕುಳಿತರು. ಬೇಸಿಗೆಯಲ್ಲಿ ಮೈಸೂರಿನಿಂದ ನಾದಿನಿ, ಅವಳ ಮಗ ಬಂದರು. ಅವನ ರಾಜಧಾನಿಗಳಲ್ಲಿ ಒಂದೂ ಧೂಳೀಪಟವಾಗಲಿಲ್ಲ. ಆ ಹುಡುಗ ನೇರವಾಗಿ ಹೋಗಿ ಮೋಟಾರಿನ ಮುಂದೆ ಕುಳಿತವನು ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಗೆದ್ದೆನೋ ಸೋತೆನೋ ತಿಳಿಯಲಿಲ್ಲ.

ಹೋದ ತಿಂಗಳು ಹತ್ತಿರದ ಸರ್ಕಾರಿ ಶಾಲೆಯ ಮೇಷ್ಟರೊಬ್ಬರು ಮನೆಗೆ ಬಂದರು. ಮುಳ್ಳೂರಿನ ಕಡೆಯವರು, ವಯಸ್ಸಾದವರು, ಬಿಸಿಲಿನಲ್ಲಿ ನಡೆದು ಸುಸ್ತಾಗಿದ್ದರು. ಶಾಲೆ ಬಿಟ್ಟ ಮಕ್ಕಳು ಯಾವ ಯಾವ ಮನೆಯಲ್ಲಿದ್ದಾರೆ ಎಂದು ನೋಡಿಕೊಂಡು ಹೋಗುವುದು ಅವರ ಕೆಲಸ. ಮಜ್ಜಿಗೆ ಕೊಟ್ಟೆ. ಕುಡಿದು, ಗೋಡೆಯ ಪಂಪನ್ನು ನೋಡಿ, ಅವರು ನಮ್ಮ ಕಡೆ ತಿರುಗಿದರು.

"ತಪ್ಪು ತಿಳ್ಕೊಬೇಡಿ. ಕೂಸ್ನ ಮನೇಲೇ ಇಟ್ಕಂಡು ಓದುಸ್ತಿದೀರಿ. ಏನು ಇದ್ರ ಉದ್ದೇಶ?"

ಕೈಗೆ ಸಿಗುವಲ್ಲಿ ಲಾಡು ಇರಲಿಲ್ಲ. ನಾನು ನಮ್ಮೆಜಮಾನರನ್ನು ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು, ಆಮೇಲೆ ಇನ್ನೊಮ್ಮೆ ಸರಿಮಾಡಿಕೊಂಡರು. ಅತ್ತೆ ಬಾಗಿಲ ಬಳಿಯಿಂದ, "ಯಾವುದ್ರ ಉದ್ದ?" ಎಂದರು. ಅಷ್ಟರಲ್ಲಿ ಸಿಂಚು ಕೈಯೆಲ್ಲ ಗ್ರೀಸು ಮಾಡಿಕೊಂಡು ಹಿತ್ತಿಲಿನಿಂದ ಬಂದಳು. ಮೇಷ್ಟರ ಎದುರಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ನಾನ್ ಹೇಳ್ತೀನಿ ಸಾ. ಇವ್ರಿಬ್ರಿಗೂ ಏನೂ ಬರಲ್ಲ ಸಾ. ನಾನು ಸ್ಕೂಲಿಗೆ ಹೋಗ್ಬಿಟ್ರೆ ಇವ್ರಿಗೆ ಹೇಳ್ಕೊಡೋರು ಯಾರು? ಅದ್ಕೆ ಮನೇಲಿದೀನಿ."

ಮೇಷ್ಟರು ನಗಲಿಲ್ಲ. ಲೋಟ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ವಿದ್ಯಾರ್ಥಿಗಳ ಬಗ್ಗೆ ಇನ್ನೊಬ್ಬ ಮೇಷ್ಟರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು.

"ಹೆಂಗವ್ರೆ ಮಗಾ ಕಲಿಯಾದ್ರಲ್ಲಿ?"

"ಅಮ್ಮ ಪರ್ವಾಗಿಲ್ಲ ಸಾ. ಹೇಳುದ್ರೆ ಕೇಳ್ತಾಳೆ. ಅಪ್ಪ ಒಸಿ ನಿಧಾನ."

ನಮ್ಮೆಜಮಾನರು ಅನ್ಯಾಯವಾಯಿತೆಂಬಂತೆ ನನ್ನ ಕಡೆ ನೋಡಿದರು. ಮೇಷ್ಟರು ಎದ್ದು, ಕೊಡೆ ಕಂಕುಳಲ್ಲಿಟ್ಟುಕೊಂಡು, ಬಾಗಿಲವರೆಗೆ ಹೋಗಿ ತಿರುಗಿದರು.

"ಏನೋ ಒಂದ್ ಮಾಡಿ ಈ ವರ್ಷ ಪಾಸ್ ಮಾಡ್ಬುಡು ಮಗಾ. ವಯಸ್ಸಾದವ್ರು."

ಸಿಂಚು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ನೋಡಾಣ ಸಾ," ಎಂದಳು.